ಮಧ್ಯಾಹ್ನದ ಹಾಡು ಯಾವ ಭಾಷೆಯದು?

ನದಿಯ ಒಂದು ದಡದಲ್ಲಿ ಕೆನಡಾದ ರಾಜಧಾನಿ ಒಟ್ಟಾವಾ, ಎದುರು ದಡದಲ್ಲಿ ಫ್ರೆಂಚ್ ಮಾತಿನ ಕ್ವಿಬೆಕ್ ಪ್ರಾಂತ್ಯದ ಗಾಟಿನೋ. ಗಾಟಿನೋದ ಮನೆಯಲ್ಲಿ ಕುಳಿತು ರೇಡಿಯೊ ತಿರುಪನ್ನು ಕೊಂಚ ಹೊರಳಿಸಿದರೆ ಸಾಕು, ಆಚೆ ದಡದ ಇಂಗ್ಲಿಷ್ ಹಾಡುಗಳು ನಿಚ್ಚಳವಾಗಿ ಕೇಳುತ್ತವೆ. ಇಂಥ ಊರಿನಲ್ಲಿ 94.9ರಲ್ಲಿ ಫ್ರೆಂಚ್ ಮಾತಾಡುವ ಕೇಂದ್ರ ರೂಜ್. ಹಾಗೆಂದರೆ ಕೆಂಪು.

ಮಾಂಟ್ರಿಯಲ್‌ನಲ್ಲಿ 107.3. ಕ್ವಿಬೆಕ್ ನಗರ, ಶೆರ್‌ಬ್ರುಕ್, ತ್ರುವಾ-ರಿವಿಯೇರ್‌ಗಳಲ್ಲೂ ಇದೇ ಹೆಸರು. 2011ರ ಆಗಸ್ಟ್‌ವರೆಗೆ ಈ ಜಾಲವನ್ನು ಜನ ರಾಕ್‌ದೆತಾಂತ್ ಎನ್ನುತ್ತಿದ್ದರು. ದೆತಾಂತ್ ಎಂದರೆ ವಿರಾಮ, ನಿರಾಳ. ಅಬ್ಬರವಿಲ್ಲದ, ನಡುವಯಸ್ಸಿನವರಿಗೆ ಹಿತವಾದ ಹಾಡುಗಳು. ಕಚೇರಿಯಲ್ಲಿ, ಕ್ಷೌರದಂಗಡಿಯಲ್ಲಿ, ಅಡುಗೆಮನೆಯಲ್ಲಿ ಇವು ತಮ್ಮ ಪಾಡಿಗೆ ಹಾಡಿಕೊಂಡಿರುತ್ತವೆ. ಸಂಸ್ಕೃತಿಯ ಚರ್ಚೆಯಲ್ಲಿ ಇಂಥ ಕೇಂದ್ರಗಳ ಹೆಸರು ಬರುವುದು ಕಡಿಮೆ. ಅದು ಅನ್ಯಾಯ. ಕೈ ಕೆಲಸದಲ್ಲಿದ್ದಾಗ ಕಿವಿಗೆ ಬಿದ್ದ ಹಾಡೇ ನಾಲಿಗೆಯ ಮೇಲೆ ಉಳಿಯುವುದು.

ಈ ಹಾಡು ಫ್ರೆಂಚಿನಲ್ಲೇ ಇರುವುದು ತಾನಾಗಿ ಆದದ್ದಲ್ಲ. ಫ್ರೆಂಚ್ ಕೇಂದ್ರಗಳು ವಾರದಲ್ಲಿ ಹಾಕುವ ಜನಪ್ರಿಯ ಗೀತೆಗಳಲ್ಲಿ ಶೇ 65ರಷ್ಟಾದರೂ ಫ್ರೆಂಚಿನವಾಗಿರಬೇಕು ಎಂಬುದು ಪ್ರಸಾರ ನಿಯಂತ್ರಣ ಸಂಸ್ಥೆ ಸಿಆರ್‌ಟಿಸಿಯ ನಿಯಮ. ಅಷ್ಟೇ ಹೇಳಿ ಬಿಟ್ಟರೆ ಇಂಗ್ಲಿಷಿಗೆ ಹಗಲು, ಫ್ರೆಂಚಿಗೆ ನಡುರಾತ್ರಿ ಎಂದಾಗುತ್ತಿತ್ತು. ಅದಕ್ಕೇ ಇನ್ನೊಂದು ಕಟ್ಟು: ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6ರಿಂದ ಸಂಜೆ 6ರ ನಡುವೆ ಶೇ 55. ಆದರೂ ಕಳ್ಳದಾರಿ ಸಿಕ್ಕಿತು. ಹಲವು ಇಂಗ್ಲಿಷ್ ಹಾಡುಗಳ ತುಣುಕುಗಳನ್ನು ಒಂದಕ್ಕೊಂದು ಪೋಣಿಸಿ ಬಿಟ್ಟರೆ ಲೆಕ್ಕದಲ್ಲಿ ಅದು ಒಂದೇ ಹಾಡು! ಕೆಲವು ಕೇಂದ್ರಗಳು ಇದನ್ನೇ ಚಾಳಿ ಮಾಡಿಕೊಂಡಾಗ, 2011ರಲ್ಲಿ ಸಂಸ್ಥೆ ಅದಕ್ಕೂ ಮಿತಿ ಹಾಕಿತು.

ಕೇಳುಗರಿಗೆ ಬೇಕಾದದ್ದನ್ನು ಹಾಕಲು ಬಿಡಿ ಎಂಬುದು ಉದ್ಯಮದ ಹಳೆಯ ವಾದ. ಆದರೆ ಕೇಳಿಸದ ಹಾಡನ್ನು ಬೇಕು ಎನ್ನುವವರು ಯಾರು? ಶಾರ್ಲ್‌ಮಾಞ್ ಎಂಬ ಸಣ್ಣ ಊರಿನ, 14 ಮಕ್ಕಳ ಮನೆಯ ಕೊನೆಯ ಹುಡುಗಿ ಸೆಲೀನ್ ಡಿಯೋನ್ 1981ರಲ್ಲಿ ಹಾಡಲು ಬಂದದ್ದು ಫ್ರೆಂಚಿನಲ್ಲಿ. ಮೊದಲ ಇಂಗ್ಲಿಷ್ ಆಲ್ಬಂ ಬರುವ ಹೊತ್ತಿಗೆ 1990. ಅಷ್ಟರಲ್ಲಿ ಆಕೆ ಕ್ವಿಬೆಕ್‌ನ ಮನೆಮಗಳಾಗಿದ್ದಳು. ಅದೇ ವರ್ಷ ‘ವರ್ಷದ ಇಂಗ್ಲಿಷ್ ಕಲಾವಿದೆ’ ಎಂದು ಕ್ವಿಬೆಕ್ ಸಂಗೀತಲೋಕದ ಫೆಲಿಕ್ಸ್ ಪ್ರಶಸ್ತಿ ಘೋಷಣೆಯಾದಾಗ, ವೇದಿಕೆಯಲ್ಲೇ ಅದನ್ನು ಒಲ್ಲೆ ಎಂದಳು. ಫ್ರೆಂಚ್ ಗಾಯಕಿಯೆಂಬ ಆ ನೆಲೆ ಅವಳಿಗೆ ಒದಗಿದ್ದರಲ್ಲಿ ಸ್ಥಳೀಯ ರೇಡಿಯೊದ ಪಾಲು ದೊಡ್ಡದು.

ಈಗ ಆ ರೇಡಿಯೊದ ಕಾಲಡಿಯ ನೆಲವೇ ಸಡಿಲವಾಗುತ್ತಿದೆ. ರೂಜ್‌ನ ಒಡೆಯನಾದ ಬೆಲ್ ಕಂಪನಿ 2024ರ ಫೆಬ್ರವರಿಯಲ್ಲಿ ತನ್ನ 103 ರೇಡಿಯೊ ಕೇಂದ್ರಗಳಲ್ಲಿ 45ನ್ನು ಮಾರುವುದಾಗಿ ಸಾರಿತು. ಜನ ಮೊಬೈಲಿನಲ್ಲಿ ಹಾಡು ಕೇಳುತ್ತಾರೆ. ಅಲ್ಲಿ ಶೇ 65 ಇಲ್ಲ, ಹಗಲು ರಾತ್ರಿಯ ಲೆಕ್ಕವೂ ಇಲ್ಲ. ಆನ್‌ಲೈನ್ ಪ್ರಸಾರಕ್ಕಾಗಿ ಕೆನಡಾ 2023ರಲ್ಲಿ ಕಾನೂನು ಮಾಡಿತು. ಮರುವರ್ಷ, ದೊಡ್ಡ ಸ್ಟ್ರೀಮಿಂಗ್ ಕಂಪನಿಗಳು ಅಲ್ಲಿನ ಗಳಿಕೆಯ ಶೇ 5ನ್ನು ಸ್ಥಳೀಯ ಸೃಷ್ಟಿಗೆ ಕೊಡಬೇಕೆಂದು ಸಿಆರ್‌ಟಿಸಿ ಆದೇಶಿಸಿತು. ಹಣ ಬರಲಿ, ಒಳ್ಳೆಯದೇ. ಆದರೆ ಅದರಿಂದ ತಯಾರಾದ ಹಾಡು ಯಾರ ಕಣ್ಣಿಗೂ ಬೀಳದಿದ್ದರೆ?

2025ರ ಮೇ ತಿಂಗಳಲ್ಲಿ ಕ್ವಿಬೆಕ್ ಸರ್ಕಾರ ಮಂಡಿಸಿದ ಮಸೂದೆ ಸರಿಯಾದ ಜಾಗಕ್ಕೇ ಕೈ ಹಾಕಿದೆ: ಸ್ಟ್ರೀಮಿಂಗ್ ವೇದಿಕೆಗಳಲ್ಲಿ ಫ್ರೆಂಚ್ ಕೃತಿಗಳು ಸುಲಭವಾಗಿ ಸಿಗುವಂತಿರಬೇಕು ಎಂಬುದು ಅದರ ಒತ್ತಾಯ. ರೇಡಿಯೊದಲ್ಲಿ ಹಗಲು ಹೊತ್ತನ್ನು ಕಾಯ್ದಿಟ್ಟಂತೆ ಮೊಬೈಲಿನ ಮೊದಲ ಪರದೆಯನ್ನೂ ಕಾಯ್ದಿಡಬೇಕು. ಹತ್ತು ಸಲ ಬೆರಳಾಡಿಸಿದ ಮೇಲೆ ಸಿಗುವ ಫ್ರೆಂಚ್ ಪಟ್ಟಿಗೂ ನಡುರಾತ್ರಿಗೆ ತಳ್ಳಿದ ಹಾಡಿಗೂ ವ್ಯತ್ಯಾಸವೇನಿಲ್ಲ.