ಹಂತದಿಂದ ಹಂತಕ್ಕೆ ಒಂದು ಚೀಟಿ

ಸಾಫ್ಟ್‌ವೇರ್ ಕಂಪನಿಗೆ ಸೇರಿದ ಮಗನೋ ಮಗಳೋ ಫೋನಿನಲ್ಲಿ ‘ಬಿಲ್ಡ್ ಒಡೆದುಹೋಯಿತು’ ಎನ್ನುವುದನ್ನು ಕೇಳಿ ಗಾಬರಿಯಾಗುವ ತಂದೆತಾಯಿಗಳುಂಟು. ಒಡೆದದ್ದೇನು, ಅದನ್ನು ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆಯೇ ಎಂದು ಪೋಷಕರೊಬ್ಬರು ನನ್ನನ್ನೇ ಕೇಳಿದರು. ಹಾಗೇನೂ ಇಲ್ಲ. ಆದರೆ ಈ ಒಡೆಯುವಿಕೆಯ ಹಿಂದೆ ಸ್ವಾರಸ್ಯವಾದ ಸಂಗತಿ ಇದೆ. ಗಣಕ ಕಲಿಯುವ ಮಕ್ಕಳಿಗೆ ಅದು ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಬರೆದ ಕ್ರಮವಿಧಿ ಬರೆದಂತೆಯೇ ಬಳಸುವವರ ಕೈಗೆ ಹೋಗುವುದಿಲ್ಲ. ಅದನ್ನು ಯಂತ್ರಭಾಷೆಗೆ ತಿರುಗಿಸಬೇಕು, ಪರೀಕ್ಷಿಸಬೇಕು, ಆವೃತ್ತಿಯ ಸಂಖ್ಯೆ ಹಚ್ಚಿ ಕಟ್ಟಬೇಕು, ಆಮೇಲೆ ರವಾನಿಸಬೇಕು. ಈ ಹಂತಗಳನ್ನೆಲ್ಲ ಗಣಕವೇ ಸಾಲಾಗಿ ಮಾಡಿ ಮುಗಿಸುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ 1976ರಲ್ಲಿ ಇದಕ್ಕಾಗಿ ‘ಮೇಕ್’ ಎಂಬ ಉಪಕರಣ ಬರೆದರು. ತಪ್ಪನ್ನು ಸರಿಪಡಿಸಿಯೂ ಕಡತವನ್ನು ಮತ್ತೆ ಯಂತ್ರಭಾಷೆಗೆ ತಿರುಗಿಸಲು ಮರೆತಿದ್ದ ಸಹೋದ್ಯೋಗಿಯೊಬ್ಬರು, ಸರಿಯಾಗಿಯೇ ಇದ್ದ ಕ್ರಮವಿಧಿಯಲ್ಲಿ ಇಡೀ ಬೆಳಗ್ಗೆ ತಪ್ಪು ಹುಡುಕಿ ಬೇಸತ್ತು ಬಂದದ್ದೇ ಅದಕ್ಕೆ ಪ್ರೇರಣೆ. ಮೇಕ್‌ನ ಉಪಾಯ ಸರಳ: ಒಂದು ಹಂತ ಕಡತವೊಂದನ್ನು ಬರೆದಿಡುತ್ತದೆ, ಮುಂದಿನ ಹಂತ ಅದನ್ನು ತೆಗೆದುಕೊಳ್ಳುತ್ತದೆ. ಯಾವ ಕಡತ ಹಳೆಯದು, ಯಾವುದು ಹೊಸದು ಎಂಬುದನ್ನು ಅದರ ಮೇಲಿನ ವೇಳೆಯೇ ಹೇಳುತ್ತದೆ.

ಕಡತವೇ ಏಕೆ ಬೇಕು, ಮೊದಲ ಹಂತ ತನಗೆ ಗೊತ್ತಾದದ್ದನ್ನು ಎರಡನೆಯದಕ್ಕೆ ಹೇಳಿದರಾಗದೇ? ಆಗುವುದಿಲ್ಲ. ಪ್ರತಿ ಹಂತವೂ ಸಾಮಾನ್ಯವಾಗಿ ಬೇರೆಯೇ ಒಂದು ಪ್ರೋಸೆಸ್. ಕೆಲಸ ಮುಗಿದೊಡನೆ ಅದು ಸಾಯುತ್ತದೆ, ಅದರ ನೆನಪೂ ಅದರೊಡನೆ ಹೋಗುತ್ತದೆ. ಹುಟ್ಟುವಾಗ ಮಾತ್ರ ಪ್ರತಿ ಪ್ರೋಸೆಸ್ಸಿಗೂ ತನ್ನನ್ನು ಹುಟ್ಟಿಸಿದ ಪ್ರೋಸೆಸ್ಸಿನಿಂದ ಕೆಲವು ಹೆಸರು-ಬೆಲೆಗಳ ಪಟ್ಟಿ ಬರುತ್ತದೆ. ಎನ್ವಿರಾನ್ಮೆಂಟ್ ವೇರಿಯಬಲ್ ಎಂಬುದು ಅದರ ದೊಡ್ಡ ಹೆಸರು. ನಾವು ಜೇಬಿನ ಚೀಟಿ ಎನ್ನೋಣ. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಬಂದ ಏರ್ಪಾಡು ಇದು. ಮಗನ ಜೇಬಿಗೆ ಬರುವುದು ಅಪ್ಪನ ಚೀಟಿಯ ನಕಲು. ಮಗ ತನ್ನ ನಕಲಿನಲ್ಲಿ ಏನೇ ತಿದ್ದಲಿ, ಅಪ್ಪನ ಜೇಬಿನಲ್ಲಿರುವುದು ಬದಲಾಗದು. ಅಪ್ಪನಿಗೇ ತಿಳಿಯದ ಮೇಲೆ, ಆಮೇಲೆ ಹುಟ್ಟುವ ತಮ್ಮನಿಗೆ ತಿಳಿಯುವುದೆಲ್ಲಿಂದ? ಮೊದಲ ಹಂತದಲ್ಲಿ ಆವೃತ್ತಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದೆ, ಮೂರನೆಯ ಹಂತದಲ್ಲಿ ಅದು ಖಾಲಿ ಬರುತ್ತಿದೆ ಎಂದು ಹೊಸಬರು ತಲೆ ಕೆರೆದುಕೊಳ್ಳುವುದು ಇಲ್ಲಿಯೇ.

ಈಗ ಎಷ್ಟೋ ಬಿಲ್ಡ್‌ಗಳು ಬಾಡಿಗೆಯ ಗಣಕಗಳಲ್ಲಿ ನಡೆಯುತ್ತವೆ. 2018ರಲ್ಲಿ ಪ್ರಕಟವಾದ ‘ಗಿಟ್‌ಹಬ್ ಆಕ್ಷನ್ಸ್’ ಇವುಗಳಲ್ಲಿ ಹೆಸರಾದದ್ದು. ಚೀಟಿಯ ತೊಡಕಿಗೆ ಅದನ್ನು ಕಟ್ಟಿದವರು ಒಂದು ಸುಲಭದ ದಾರಿ ಮಾಡಿದರು. ಯಾವ ಹಂತವಾದರೂ ಪರದೆಯ ಮೇಲೆ ಎರಡು ವಿಸರ್ಗದ ಗುರುತಿನಿಂದ ಆರಂಭವಾಗುವ ‘ಸೆಟ್ ಎನ್ವ್’ ಎಂಬ ಸಾಲನ್ನು ಮುದ್ರಿಸಿದರೆ ಸಾಕು, ಮೇಲ್ವಿಚಾರಕ ಕ್ರಮವಿಧಿ ಅದನ್ನು ಗಮನಿಸಿ ಮುಂದಿನ ಹಂತಗಳ ಜೇಬಿಗೆಲ್ಲ ಹಾಕುತ್ತಿತ್ತು.

ಅನುಕೂಲವೇನೋ ಆಯಿತು. ಆದರೆ ಉತ್ತರಪತ್ರಿಕೆ ತಿದ್ದುವ ಕೊಠಡಿಯನ್ನು ನೆನೆಸಿಕೊಳ್ಳಿ. ಅಲ್ಲಿ ಅಂಕಪಟ್ಟಿಯಲ್ಲಿ ಬರೆದದ್ದಷ್ಟೇ ಲೆಕ್ಕ, ಬಾಯಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ. ಅದರ ಬದಲು, ಮೇಷ್ಟರು ಗಟ್ಟಿಯಾಗಿ ಹೇಳಿದ ಅಂಕವನ್ನೆಲ್ಲ ಗುಮಾಸ್ತನೊಬ್ಬ ಕೇಳಿ ಬರೆದುಕೊಳ್ಳುವ ಪದ್ಧತಿ ಇದ್ದರೆ? ಕಿಡಿಗೇಡಿ ಹುಡುಗನೊಬ್ಬ ಉತ್ತರದ ನಡುವೆ ‘ಈ ಸಂಖ್ಯೆಯವರಿಗೆ ನೂರಕ್ಕೆ ನೂರು’ ಎಂದು ಬರೆದಿರುತ್ತಾನೆ, ಮೇಷ್ಟರು ಅದನ್ನು ನಗುತ್ತ ಓದುತ್ತಾರೆ, ಗುಮಾಸ್ತ ಬರೆದುಕೊಳ್ಳುತ್ತಾನೆ!

ನಡೆಯಬಹುದಾಗಿದ್ದದ್ದು ಇದೇ. ಹೊರಗಿನವರು ಕಳುಹಿಸಿದ ದೂರಿನ ಒಕ್ಕಣೆಯನ್ನು ಬಿಲ್ಡ್‌ನ ಒಂದು ಹಂತ ಸುಮ್ಮನೆ ಪರದೆಗೆ ಮುದ್ರಿಸಿದರೂ, ಅದರೊಳಗೆ ‘ಸೆಟ್ ಎನ್ವ್’ ಸಾಲು ಅಡಗಿದ್ದರೆ ಅದು ಆಜ್ಞೆಯಾಗಿಬಿಡುತ್ತಿತ್ತು. ಕೆಲವು ಚೀಟಿಗಳಿಗಂತೂ ಮುಂದಿನ ಹಂತ ಯಾವ ಕ್ರಮವಿಧಿಯನ್ನು ಮೊದಲು ಓಡಿಸಬೇಕೆಂದು ತೀರ್ಮಾನಿಸುವ ಅಧಿಕಾರವೇ ಇರುತ್ತದೆ. ಅಂದರೆ ಅಪರಿಚಿತನೊಬ್ಬ ನಿಮ್ಮ ಕಾರ್ಖಾನೆಯೊಳಗೆ ತನ್ನ ಕೆಲಸ ಮಾಡಿಸಿಕೊಳ್ಳಬಹುದು. ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡದ ಫೆಲಿಕ್ಸ್ ವಿಲ್ಹೆಲ್ಮ್ 2020ರಲ್ಲಿ ಇದನ್ನು ತೋರಿಸಿಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಗಿಟ್‌ಹಬ್ ಆ ದಾರಿಯನ್ನು ಮುಚ್ಚಿತು. ಈಗ ಪ್ರತಿ ಹಂತಕ್ಕೂ ಬೇರೆಯಾದ ಒಂದು ಕಡತದ ವಿಳಾಸ ಕೊಟ್ಟಿರುತ್ತಾರೆ. ಕೊಡಬೇಕಾದದ್ದನ್ನು ಅಲ್ಲಿ ಬರೆಯಬೇಕು. 1976ರ ಕಡತಕ್ಕೇ ಹಿಂತಿರುಗಿದಂತಾಯಿತಲ್ಲವೇ! ಇದೇ ಜಾತಿಯ ‘ಸೆಟ್ ಔಟ್‌ಪುಟ್’ ಎಂಬ ಸಾಲನ್ನೂ ಬಿಡಬೇಕೆಂದು 2022ರ ಅಕ್ಟೋಬರಿನಲ್ಲಿ ಸೂಚನೆ ಬಂತು. ಬಳಸುವವರು ಇನ್ನೂ ಬಹಳ ಮಂದಿ ಇದ್ದಾರೆಂದು 2023ರಲ್ಲಿ ಗಡುವನ್ನು ಮುಂದಕ್ಕೆ ಹಾಕಿದರು. ಅಭ್ಯಾಸ ಬಿಡಿಸುವುದು ಎಂಜಿನಿಯರುಗಳಲ್ಲೂ ಕಷ್ಟವೇ.

ಜೇಬಿನ ಚೀಟಿಗಳಲ್ಲಿ ಗುಪ್ತಪದಗಳೂ ಇರುವುದರಿಂದ ಇದು ಬರೀ ಶಿಸ್ತಿನ ಮಾತಲ್ಲ. ಕ್ರಮವಿಧಿಯ ಎಷ್ಟು ಭಾಗ ಪರೀಕ್ಷೆಗೆ ಒಳಪಟ್ಟಿದೆ ಎಂದು ಅಳೆಯುವ ‘ಕೋಡ್‌ಕೋವ್’ ಎಂಬ ಸೇವೆ ಇದೆ. ಅನೇಕ ಕಂಪನಿಗಳ ಬಿಲ್ಡ್‌ನಲ್ಲಿ ಅದರ ಸಣ್ಣದೊಂದು ಕ್ರಮವಿಧಿ ಒಂದು ಹಂತವಾಗಿ ಓಡುತ್ತಿತ್ತು. 2021ರ ಜನವರಿ 31ರಿಂದ ಯಾರೋ ಅದನ್ನು ಗುಟ್ಟಾಗಿ ತಿದ್ದಿ, ಆ ಹಂತದ ಜೇಬಿನಲ್ಲಿದ್ದ ಚೀಟಿಗಳೆಲ್ಲ ತಮ್ಮ ಗಣಕಕ್ಕೆ ಹೋಗುವಂತೆ ಮಾಡಿದರು. ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಏಪ್ರಿಲ್ 1ರಂದು ಗ್ರಾಹಕರೊಬ್ಬರು ಕಡತದ ತಾಳೆಸಂಖ್ಯೆಯನ್ನು ಹೋಲಿಸಿ ನೋಡಿ, ಹೊಂದುತ್ತಿಲ್ಲವೆಂದು ತಿಳಿಸಿದರು. ತಾಳೆ ನೋಡುವ ತಾಳ್ಮೆ ಒಬ್ಬರಿಗಾದರೂ ಇತ್ತು! ಹ್ಯಾಶಿಕಾರ್ಪ್ ಎಂಬ ಕಂಪನಿ ತನ್ನ ತಂತ್ರಾಂಶಕ್ಕೆ ಸಹಿ ಹಾಕುವ ಕೀಲಿಯನ್ನೇ ಬದಲಾಯಿಸಬೇಕಾಯಿತು. ಗುಪ್ತಪದವನ್ನು ಎಲ್ಲ ಹಂತಗಳ ಜೇಬಿಗೂ ತುಂಬುವುದು ಮನೆಯ ಬೀಗದ ಕೈಯನ್ನು ಬೀದಿಯವರಿಗೆಲ್ಲ ಕೊಟ್ಟಂತೆ. ಯಾವ ಹಂತಕ್ಕೆ ಬೇಕೋ ಅದಕ್ಕೆ ಮಾತ್ರ ಕೊಡಲು ಬರುತ್ತದೆ. ಎರಡು ಸಾಲು ಹೆಚ್ಚು ಬರೆಯಬೇಕು, ಅಷ್ಟೇ.

ಇನ್ನೊಂದು ಮಾತು ನಮ್ಮ ಪ್ರಯೋಗಶಾಲೆಗೆ ಹತ್ತಿರದ್ದು. ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅಳೆದು 3.10 ಸೆಂ.ಮೀ. ಎಂದು ಬರೆಯಬೇಕಾದಲ್ಲಿ 3.1 ಎಂದು ಬರೆದರೆ ನಾವು ಅಂಕ ಕಡಿಯುತ್ತೇವೆ, ಮಕ್ಕಳು ಗೊಣಗುತ್ತಾರೆ. 2021ರ ಅಕ್ಟೋಬರಿನಲ್ಲಿ ಪೈಥಾನ್ ಭಾಷೆಯ 3.10 ಆವೃತ್ತಿ ಬಂದಾಗ ಈ ಸೊನ್ನೆಯೇ ಬಹಳ ಜನರನ್ನು ಕಾಡಿತು. ಬಿಲ್ಡ್‌ನ ಸೂಚನೆಗಳನ್ನು ಬರೆಯುವ ಕಡತದಲ್ಲಿ ಉದ್ಧರಣ ಚಿಹ್ನೆಯಿಲ್ಲದೆ 3.10 ಎಂದು ಬರೆದರೆ ಗಣಕ ಅದನ್ನು ದಶಮಾಂಶ ಸಂಖ್ಯೆ ಎಂದು ತಿಳಿದು, ಕೊನೆಯ ಸೊನ್ನೆ ಬಿಟ್ಟು, 3.1 ಬೇಕೆನ್ನುತ್ತದೆ. ಅದು ಬೇರೆಯೇ ಆವೃತ್ತಿ. ಇದಕ್ಕೆ ವಿರುದ್ಧವಾದ ಪೇಚೂ ಇದೆ. ಗಿಟ್‌ಹಬ್‌ನಲ್ಲಿ ಹಂತಗಳ ನಡುವೆ ಸಾಗುವುದೆಲ್ಲ ಬರೀ ಪಠ್ಯ. ಒಂದು ಹಂತ ‘ಫಾಲ್ಸ್’ ಎಂದು ಬರೆದು ಕಳುಹಿಸಿದರೆ ಮುಂದಿನದಕ್ಕೆ ಅದು ಇಂಗ್ಲಿಷಿನ ಐದಕ್ಷರದ ಒಂದು ಪದ. ಖಾಲಿಯಲ್ಲದ ಪದ ಅಲ್ಲಿ ‘ನಿಜ’ವೆಂದೇ ಲೆಕ್ಕ. ‘ಇಲ್ಲ’ ಎಂದು ಕಳುಹಿಸಿದ್ದು ‘ಹೌದು’ ಎಂದು ತಲುಪುತ್ತದೆ. ಹಾಗಾಗದಿರಲು ಬಂದ ಪದವನ್ನು ‘ಟ್ರೂ’ ಎಂಬ ಪದದೊಡನೆ ಹೋಲಿಸಿ ನೋಡಬೇಕು.

ಲಿನಕ್ಸ್ ಇರುವ ಗಣಕ ಸಿಕ್ಕರೆ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಟರ್ಮಿನಲ್ ತೆರೆದು ‘ಊರು’ ಎಂಬ ಹೆಸರಿಗೆ ‘ಮೈಸೂರು’ ಎಂಬ ಬೆಲೆ ಕೊಡಿ, ಎರಡನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ‘ಬ್ಯಾಶ್’ ಎಂದು ಒತ್ತಿ ಮರಿ ಶೆಲ್ಲಿನೊಳಗೆ ಹೋಗಿ ಊರು ಯಾವುದೆಂದು ‘ಎಕೋ’ ಆಜ್ಞೆಯಿಂದ ಕೇಳಿ. ಉತ್ತರ ಖಾಲಿ ಬರುತ್ತದೆ. ‘ಎಕ್ಸಿಟ್’ ಎಂದು ಹೊರಗೆ ಬಂದು, ಆ ಹೆಸರನ್ನು ‘ಎಕ್ಸ್‌ಪೋರ್ಟ್’ ಮಾಡಿ ಮತ್ತೆ ಒಳಗೆ ಹೋಗಿ. ಈಗ ಮೈಸೂರು ಕಾಣುತ್ತದೆ. ಅಲ್ಲಿಯೇ ಅದನ್ನು ಧಾರವಾಡ ಎಂದು ಬದಲಿಸಿ, ಹೊರಗೆ ಬಂದು ಮತ್ತೊಮ್ಮೆ ಕೇಳಿ. ಯಾವ ಊರು ಬಂತು, ಏಕೆ ಬಂತು ಎಂದು ಪುಸ್ತಕದಲ್ಲಿ ಬರೆದಿಡಿ.