ಗ್ಯಾಸ್ ತುಂಬ್ಸೋದಾ, ಎಸಿ ಬದಲಿಸೋದಾ?

ಕುವೆಂಪುನಗರದ ನಮ್ಮನೆ ಎಸಿಗೆ ಹದಿಮೂರು ವರ್ಷ. ಮೈಸೂರಿಗೆ ಎಸಿ ಯಾಕೆ ಅಂತಿದ್ದ ಅಪ್ಪನೇ ರಿಟೈರ್ ಆದಾಗ ತಂದದ್ದು. ಈ ಏಪ್ರಿಲ್‌ನಲ್ಲಿ ಮತ್ತೆ ತಣ್ಣಗಾಗಲಿಲ್ಲ. "ಗ್ಯಾಸ್ ತುಂಬ್ಸಿದ್ರೆ ಆಯ್ತಲ್ಲೋ" ಅಂದ್ರು. ಎರಡು ವರ್ಷದಲ್ಲಿ ಮೂರನೇ ಸಲ!

ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ. ಕಮ್ಮಿಯಾಗಿದೆ ಅಂದ್ರೆ ಸೋರ್ತಿದೆ ಅಂತಲೇ ಅರ್ಥ. ಆಗ ಕಂಪ್ರೆಸರ್ ನಿಲ್ಲದೆ ಓಡುತ್ತೆ, ಬಿಲ್ ಏರುತ್ತೆ. ಮೇಲಾಗಿ ನಮ್ಮದು ಆರ್-22. ಓಝೋನ್ ಪದರಕ್ಕೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಕೈಬಿಡ್ತಿರೋ ಗ್ಯಾಸ್.

ಒಂದು ರಾತ್ರಿ ನೋಡಿದ್ರೆ, ಬಿಲ್ಲಿಗೆ ಹೆದರಿ ಅಮ್ಮ ಎಸಿ ಆರಿಸಿ ಬೀಸಣಿಗೆ ಹಿಡಿದು ಕೂತಿದ್ರು. ಅಲ್ಲಿಗೆ ನನ್ನ ಲೆಕ್ಕ ಮುಗೀತು.

ಕೆಪಾಸಿಟರ್ ಹೋದ್ರೆ ರಿಪೇರಿ ಸಾಕು. ಹತ್ತು ವರ್ಷ ದಾಟಿದ ಎಸಿಯ ಕಾಯಿಲ್, ಕಂಪ್ರೆಸರ್ ಕೈಕೊಟ್ರೆ ಬದಲಿಸಿ.

ಈಗ ಅಮ್ಮ 24 ಡಿಗ್ರಿಯಲ್ಲಿಟ್ಟು ಬೆಳಗಿನವರೆಗೆ ಮಲಗ್ತಾರೆ. ಹಳೇ ರಿಮೋಟ್ ಇನ್ನೂ ಅಪ್ಪನ ಡ್ರಾಯರ್‌ನಲ್ಲೇ ಇದೆ.