‘ತುಘಲಕ್’ ಬರೀ ಬೈಗುಳವಲ್ಲ

ಸರ್ಕಾರವೊಂದು ಅವಸರದ ನಿರ್ಧಾರ ಕೈಗೊಂಡಾಗಲೆಲ್ಲ ‘ತುಘಲಕ್ ದರ್ಬಾರು’ ಎಂಬ ಮಾತು ಕೇಳಿಬರುತ್ತದೆ. 2016ರ ನವೆಂಬರ್ 8ರಂದು ನೋಟು ರದ್ದತಿ ಪ್ರಕಟವಾದ ಬಳಿಕವೂ ಅದು ಧಾರಾಳವಾಗಿ ಬಳಕೆಯಾಯಿತು. ಕನ್ನಡಿಗರಿಗೆ ಈ ಹೆಸರಿನೊಡನೆ ಗಿರೀಶ ಕಾರ್ನಾಡರ ನಾಟಕವೂ ನೆನಪಾಗುತ್ತದೆ. ಆದರೆ ಆ ನಾಟಕವನ್ನು ಅದರ ಕಾಲ, ಸಂದರ್ಭಗಳೊಡನೆ ಓದಿದವರು ಈ ಬೈಗುಳವನ್ನು ಅಷ್ಟು ಸಲೀಸಾಗಿ ಬಳಸಲಾರರು.

ಅರ್ಥಶಾಸ್ತ್ರ ಓದಿ, ಆಡಳಿತದಲ್ಲಿ ವೃತ್ತಿಜೀವನ ಕಳೆದ ನನಗೆ ಮೊದಲು ಕಾಣುವುದು ನಾಣ್ಯದ ಪ್ರಸಂಗ. 2016ರಲ್ಲಿ ನಡೆದದ್ದು ಚಲಾವಣೆಯಲ್ಲಿದ್ದ ನೋಟುಗಳ ಹಿಂತೆಗೆತ. ಸುಮಾರು 1330ರಲ್ಲಿ ಮಹಮದ್ ಬಿನ್ ತುಘಲಕ್ ಮಾಡಿದ್ದು ಬೇರೆ. ಬೆಳ್ಳಿಯ ಟಂಕಕ್ಕೆ ಸಮನಾದ ಮೌಲ್ಯ ಕೊಟ್ಟು ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಹೊಸದಾಗಿ ಹೊರಡಿಸಿದ. ಲೋಹದ ಬೆಲೆಯ ಬದಲು ರಾಜ್ಯದ ಮುದ್ರೆಯ ಮೇಲೆ ಹಣ ನಿಲ್ಲಬೇಕೆಂಬ ಈ ವಿಚಾರ ಹುಚ್ಚುತನವಲ್ಲ. ಹಿಂದಿನ ಶತಮಾನದಲ್ಲೇ ಮಂಗೋಲರ ಆಳ್ವಿಕೆಯ ಚೀನಾದಲ್ಲಿ ಕಾಗದದ ಹಣ ಚಲಾವಣೆಯಲ್ಲಿತ್ತು. ಸುಲ್ತಾನನ ನಾಣ್ಯ ಸೋತದ್ದು ಅದನ್ನು ಯಾರು ಬೇಕಾದರೂ ನಕಲು ಮಾಡಬಹುದಾಗಿದ್ದರಿಂದ. ಕಡೆಗೆ ಆತ ಅವುಗಳಿಗೆ ಬದಲಾಗಿ ಖಜಾನೆಯ ಬೆಳ್ಳಿಬಂಗಾರವನ್ನೇ ಕೊಡಬೇಕಾಯಿತು.

ಈ ಕಥೆ ನಮಗೆ ಬಂದದ್ದು ಮುಖ್ಯವಾಗಿ ಜಿಯಾವುದ್ದೀನ್ ಬರನಿಯ ಇತಿಹಾಸದಿಂದ. ಅನೇಕ ವರ್ಷ ಸುಲ್ತಾನನ ಆಪ್ತನಾಗಿದ್ದ ಬರನಿ, ಫಿರೋಜ್ ಷಾನ ಕಾಲದಲ್ಲಿ ಆಸ್ಥಾನದಿಂದ ದೂರವಾಗಿ, ಮುಪ್ಪಿನಲ್ಲಿ ಬಡತನ ಅನುಭವಿಸುತ್ತ 1357ರ ಸುಮಾರಿಗೆ ಅದನ್ನು ಬರೆದು ಮುಗಿಸಿದ. ಹಿಂದೂಗಳ ಮನೆಗಳೆಲ್ಲ ಟಂಕಸಾಲೆಗಳಾದವೆಂದು ಆತ ದೂರುತ್ತಾನೆ. ಕಾರ್ನಾಡರು ಬರನಿಯನ್ನೇ ಪಾತ್ರವಾಗಿ ರಂಗಕ್ಕೆ ತಂದರೂ ಈ ದೂರನ್ನು ಒಪ್ಪಿಕೊಳ್ಳಲಿಲ್ಲ. ಅವರ ನಾಟಕದಲ್ಲಿ ಖೋಟಾ ನಾಣ್ಯದ ದಂಧೆಗಿಳಿಯುವವನು ಅಜೀಜ್ ಎಂಬ ಮುಸ್ಲಿಂ ಅಗಸ. ಅವನು ಮೊದಲು ಕಾಣಿಸಿಕೊಳ್ಳುವುದು ಬ್ರಾಹ್ಮಣನ ವೇಷದಲ್ಲಿ. ಆಕರವನ್ನು ಬಲ್ಲವರಿಗಷ್ಟೇ ಈ ಬದಲಾವಣೆಯ ಮಹತ್ವ ತಿಳಿಯುತ್ತದೆ. ತಿಳಿಯದವರು ನಾಟಕವನ್ನು ಒಂದು ಮತದ ಮೇಲಿನ ಆರೋಪಪಟ್ಟಿಯಾಗಿ ಓದುವ ಅಪಾಯವಿದೆ.

ನಾಟಕಕಾರನ ಕಾಲವನ್ನೂ ಮರೆಯಲಾಗದು. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕಗಳಿಲ್ಲವೆಂಬ ಕೀರ್ತಿನಾಥ ಕುರ್ತಕೋಟಿಯವರ ಆಕ್ಷೇಪ ತಮ್ಮನ್ನು ಪ್ರೇರೇಪಿಸಿತೆಂದು ಕಾರ್ನಾಡರು ಹೇಳಿದ್ದರು. ‘ತುಘಲಕ್’ ಪ್ರಕಟವಾದದ್ದು 1964ರಲ್ಲಿ. 1962ರ ಚೀನಾ ಯುದ್ಧದ ಆಘಾತ ಆರಿರಲಿಲ್ಲ. ನೆಹರೂ ತೀರಿಕೊಂಡದ್ದೂ ಅದೇ ವರ್ಷ. ಆದರ್ಶದಿಂದ ಆರಂಭವಾದ ಯುಗದ ಭ್ರಮನಿರಸನ ನಾಟಕದಲ್ಲಿದೆ ಎಂಬುದನ್ನು ಕಾರ್ನಾಡರೂ ಒಪ್ಪಿದ್ದರು. ಹಾಗೆಂದು ‘ತುಘಲಕ್ ಎಂದರೆ ನೆಹರೂ’ ಎಂದು ಪರೀಕ್ಷೆಯಲ್ಲಿ ಬರೆದು ಮುಗಿಸುವುದು ಓದಲ್ಲ. 1974ರಲ್ಲಿ ಇಬ್ರಾಹಿಂ ಅಲ್ಕಾಜಿ ದೆಹಲಿಯ ಪುರಾನಾ ಕಿಲಾದಲ್ಲಿ ಇದನ್ನು ರಂಗಕ್ಕೆ ತಂದರು. ಮರುವರ್ಷ ತುರ್ತುಪರಿಸ್ಥಿತಿ ಬಂತು. ಅದೇ ಮಾತುಗಳಿಗೆ ಬೇರೆ ಅರ್ಥ ಕೂಡಿಕೊಂಡಿತು. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತ ‘ತಲೆದಂಡ’ಕ್ಕೂ ಮಂಡಲ್–ಮಂದಿರ ವಿವಾದಗಳ ಕಾಲದ ಹಿನ್ನೆಲೆಯಿದೆ.

ಕೃತಿ ತನ್ನ ಕಾಲ ಮೇಲೆಯೇ ನಿಲ್ಲಬೇಕು, ಚರಿತ್ರೆಯ ಊರುಗೋಲು ಏಕೆ ಎಂದು ಕೆಲವರು ಕೇಳುತ್ತಾರೆ. ನಾಟಕ ನೋಡಿ ಮರುಗಲು, ಮೆಚ್ಚಲು ಅದು ಬೇಕಿಲ್ಲ, ನಿಜ. ಆದರೆ ಅದನ್ನು ರಾಜಕೀಯ ವಾದಕ್ಕೆ ಸಾಕ್ಷಿಯಾಗಿ ಎಳೆತರುವವರು ಅದು ಯಾರ ಮಾತು, ಯಾವ ಕಾಲದ್ದು ಎಂಬುದನ್ನು ಅರಿತಿರಬೇಕು. ತರಗತಿಯಲ್ಲಿ ಈ ನಾಟಕದ ಜೊತೆಗೆ ಬರನಿಯ ಎರಡು ಪುಟಗಳನ್ನೂ ಅರವತ್ತರ ದಶಕದ ಕೆಲವು ಪತ್ರಿಕಾ ಬರಹಗಳನ್ನೂ ಓದಿಸಿದರೆ ಸಾಕು.

ಆಡಳಿತಕ್ಕೆ ಬರುವ ಯುವಕ ಯುವತಿಯರೂ ಇದನ್ನು ಹೀಗೆ ಓದಬೇಕೆಂಬುದು ನನ್ನ ಆಶಯ. ಸುಲ್ತಾನ ನ್ಯಾಯ ಸಾರಿದಾಗ ಅಜೀಜ್ ಅವನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ, ಸರ್ಕಾರಿ ನೌಕರಿಯನ್ನೂ ಪಡೆಯುತ್ತಾನೆ. ದೌಲತಾಬಾದಿಗೆ ಜನ ಹೊರಟಾಗ ನಿಸ್ಸಹಾಯಕರಿಂದ ಹಣ ಕೀಳುತ್ತಾನೆ. ಎಲ್ಲವೂ ಬಯಲಾದ ಮೇಲೆ ಸುಲ್ತಾನ ಅವನನ್ನು ದಂಡಿಸದೆ ದಖ್ಖನ್ನಿನ ಸೈನ್ಯದಲ್ಲಿ ಅಧಿಕಾರ ಕೊಡುತ್ತಾನೆ. ಒಳ್ಳೆಯ ಯೋಜನೆಯ ಕಡತಕ್ಕೆ ಸಹಿ ಹಾಕುವ ಮುನ್ನ, ಇದರಲ್ಲಿ ಅಜೀಜನಿಗೆ ಎಲ್ಲಿ ಜಾಗವಿದೆ ಎಂದು ಕೇಳಿಕೊಳ್ಳುವ ಅಧಿಕಾರಿಗೆ ಈ ನಾಟಕ ಅರ್ಥವಾಗಿದೆ ಎನ್ನಬಹುದು.